ಖಾಲಿ ಬಿಡದ ಸಾಲು

ಮುರ್ತುಜಾಸಾಬನಿಗೆ ಸೊಕ್ಕಿತ್ತು. ದುಡ್ಡಿನದಲ್ಲ, ಹೊಲಮನೆಯದಲ್ಲ, ಅವೆರಡೂ ಅವನ ಹತ್ತಿರ ಇರಲಿಲ್ಲ. ಅವನ ಸೊಕ್ಕೆಲ್ಲ ಸಾಲಿನದು. ವಿಜಾಪುರದ ಅಥಣಿ ರಸ್ತೆಯ ಬದಿಗೆ ಒಂದು ಸಣ್ಣ ಛಾಪಖಾನೆಯಲ್ಲಿ ಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದ. ಸೀಸದ ಅಕ್ಷರಗಳನ್ನು ಖಾನೆಯಿಂದ ಒಂದೊಂದಾಗಿ ಎತ್ತಿ, ಹೆಸರಿನ ಕೆಳಗೆ ಹೆಸರು, ಊರಿನ ಕೆಳಗೆ ಊರು ಬರುವ ಹಾಗೆ ನಿಲ್ಲಿಸುವುದೆಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ಸಂಘದ ಸದಸ್ಯರ ಯಾದಿಯಿರಲಿ, ಸಂತೆಯ ದರಪಟ್ಟಿಯಿರಲಿ, ಅವನ ಕೈಯಿಂದ ಬಂದದ್ದಕ್ಕೆ ಮೇಲಿನಿಂದ ಕೆಳಗೆ ದಾರ ಹಿಡಿದು ನೋಡಿದರೆ ಒಂದು ಅಕ್ಷರವೂ ದಾರ ಮೀರಿರಬಾರದು. ಎರಡು ಸಾಲುಗಳ ನಡುವೆ ಗೆರೆ ಎಳೆಯುವುದೂ ಅವನಿಗೆ ಸೇರುತ್ತಿರಲಿಲ್ಲ. ಗೆರೆ ಹಾಕುವವರು ಕೆಲಸ ಬಾರದವರು ಎಂದು ಅವನ ಅಭಿಪ್ರಾಯ. ಬೇರೆ ಛಾಪಖಾನೆಯ ಕಾಗದ ಕೈಗೆ ಸಿಕ್ಕರೆ ಬೆಳಕಿಗೆ ಹಿಡಿದು, "ಇದೇನ್ ಯಾದಿ ಮಾಡ್ಯಾರೋ, ನಾಯಿ ಹೊಕ್ಕ ಕುರಿಹಿಂಡು ಆಗೇತಿ" ಎಂದು ನಗುತ್ತಿದ್ದ. ಹಾಗೆ ನಕ್ಕವನ ಕೈಯಿಂದಲೇ ಆ ಲಗ್ನಪತ್ರಿಕೆ ಆಯಿತು ಎಂಬುದು ಅವನ ಹಣೆಬರಹ.

ಎಪ್ಪತ್ನಾಲ್ಕರ ಬೇಸಿಗೆ. ಬರದಲ್ಲಿ ಮದುವೆ ಮುಂದೂಡಿದ್ದವರೆಲ್ಲ ಆ ವರ್ಷ ಒಮ್ಮೆಲೇ ಎದ್ದು ನಿಂತಿದ್ದರು. ಟಿಕೋಟಾದಲ್ಲಿ ಒಂದು ಮಠದವರು ಸಾಮೂಹಿಕ ಮದುವೆ ಇಟ್ಟುಕೊಂಡಿದ್ದರು. ಒಂದೇ ಪತ್ರಿಕೆ, ಅದರಲ್ಲಿ ಎಲ್ಲ ಜೋಡಿಗಳ ಹೆಸರು. ಎಡಗಡೆ ವರ, ಬಲಗಡೆ ವಧು. ಯಾದಿಯನ್ನು ಬರೆದುಕೊಟ್ಟವನು ಅಮೋಘಿ ಎಂಬ ಹುಡುಗ. ಕುರಿ ಸಾಕುವ ಮನೆತನದಲ್ಲಿ ಮೆಟ್ರಿಕ್ ಮುಟ್ಟಿದ ಮೊದಲಿಗ, ಊರ ಮಕ್ಕಳಿಗೆ ಪಾಠ ಹೇಳುತ್ತಿದ್ದದ್ದರಿಂದ ಎಲ್ಲರ ಬಾಯಲ್ಲಿ ಮಾಸ್ತರ.

ಆ ಯಾದಿಯಲ್ಲಿ ಅಮೋಘಿಯ ಮದುವೆಯೂ ಇತ್ತು. ಅವನಿಗೆ ಗೊತ್ತಾದ ಹುಡುಗಿ ಬಬಲೇಶ್ವರದ ಬೋರವ್ವನ ಮಗಳು ಗುರುಬಾಯಿ. ಅಮೋಘಿಯ ತಂಗಿ ಸಕ್ರವ್ವನನ್ನು ಗುರುಬಾಯಿಯ ಅಣ್ಣ ರೇವಪ್ಪನಿಗೆ ತಂದುಕೊಳ್ಳುವುದೆಂದು ಮಾತಾಗಿತ್ತು. ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧ ಎಂದರೆ ಎರಡು ಮದುವೆಗೆ ಒಂದೇ ಗಂಟು. ಒಂದು ಬಿಚ್ಚಿದರೆ ಇನ್ನೊಂದು ನಿಲ್ಲುವುದಿಲ್ಲ. ಅದಕ್ಕೇ ಅಮೋಘಿ ಎರಡೂ ಜೋಡಿಗಳನ್ನು ಒಂದರ ಕೆಳಗೆ ಒಂದು ಬರೆದಿದ್ದ. ಮೇಲಿನ ಸಾಲಿನಲ್ಲಿ ರೇವಪ್ಪ, ಅವನೆದುರು ಸಕ್ರವ್ವ. ಕೆಳಗಿನ ಸಾಲಿನಲ್ಲಿ ತಾನು, ತನ್ನೆದುರು ಗುರುಬಾಯಿ.

ಮುರ್ತುಜಾಸಾಬ ಅದನ್ನು ಜೋಡಿಸಿದ್ದೂ ಹಾಗೆಯೇ. ವರರ ಸಾಲು, ವಧುಗಳ ಸಾಲು ಎರಡೂ ಕವಾಯತಿಗೆ ನಿಂತವರಂತೆ ನಿಂತಿದ್ದವು. ಅಷ್ಟರಲ್ಲಿ ಯಾದಿಯಲ್ಲಿ ಇವರಿಗಿಂತ ಮೇಲಿದ್ದ ವರ ಯಲಗೂರಪ್ಪನ ಅಪ್ಪ ರುಮಾಲು ಸುತ್ತಿಕೊಂಡು ಛಾಪಖಾನೆಗೆ ಬಂದ. ಮಗನ ಹೆಸರು ಬೋಳುಬೋಳಾಗಿದೆಯಂತೆ. ಅದರ ಜೊತೆ 'ಮಾಜಿ ಪಂಚಾಯತಿ ಮೆಂಬರ ರಾಮಲಿಂಗಪ್ಪನವರ ದ್ವಿತೀಯ ಸುಪುತ್ರ' ಎಂದು ಹಾಕಲೇಬೇಕಂತೆ. ಮಾಲಕ ತುಕಾರಾಮ ಯಾರಿಗೂ ಇಲ್ಲ ಎನ್ನುವವನಲ್ಲ. "ಸಾಬ, ಹಾಕಿಬಿಡು" ಎಂದ.

ಅಷ್ಟು ಉದ್ದದ ಬಿರುದು ಒಂದು ಸಾಲಿನಲ್ಲಿ ಹಿಡಿಯುವುದೆಲ್ಲಿ? ಯಲಗೂರಪ್ಪ ಎರಡು ಸಾಲಾದ. ಅವನ ಕೆಳಗಿನ ವರರೆಲ್ಲ ಒಂದೊಂದು ಸಾಲು ಕೆಳಕ್ಕೆ ಇಳಿದರು. ವಧುಗಳ ಕಡೆಯೂ ಅಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದರೆ ಎಲ್ಲರೂ ತಮ್ಮ ತಮ್ಮ ಗಂಡಂದಿರ ಎದುರು ಉಳಿಯುತ್ತಿದ್ದರು. ಮುರ್ತುಜಾಸಾಬ ಮೊದಲು ಬಿಟ್ಟ ಕೂಡ. ಆಮೇಲೆ ದೂರ ಸರಿದು ಕಣ್ಣು ಕಿರಿದು ಮಾಡಿ ನೋಡಿದ. ವಧುಗಳ ನೆಟ್ಟಗಿನ ಸಾಲಿನ ನಡುವೆ ಒಂದು ಹಲ್ಲು ಬಿದ್ದ ಹಾಗೆ ಸಂದು ಕಾಣಿಸಿತು. ಅವನಿಗೆ ಅದು ಸಹಿಸಲಾಗಲಿಲ್ಲ. ಏನು ಎತ್ತ ಎಂದು ಯೋಚಿಸದೆ, ಕೈಗೆ ಅಭ್ಯಾಸವಾದ ಕೆಲಸ ಎಂಬಂತೆ, ಆ ಖಾಲಿ ಸಾಲನ್ನು ತೆಗೆದು ವಧುಗಳನ್ನು ಮೇಲಕ್ಕೆ ಸರಿಸಿದ. ಕೆಳಗೆ ಉಳಿದ ಜಾಗಕ್ಕೆ ಕೊನೆಯ ಕೆಲವು ಹೆಸರುಗಳ ನಡುವೆ ಸೀಸದ ತೆಳುಪಟ್ಟಿ ತುರುಕಿ, ವರ, ವಧು ಎರಡೂ ಕಡೆಯ ಬುಡ ಸಮ ಮಾಡಿದ. ತುಕಾರಾಮ ತಿದ್ದುವ ಕಾಗದದಲ್ಲಿ ಮೇಲಿನ ಜೋಡಿ ನೋಡಿದ, ಕೆಳಗಿನ ಜೋಡಿ ನೋಡಿದ, ಸರಿ ಇದ್ದವು. ಪತ್ರಿಕೆ ಅಚ್ಚಾಯಿತು, ಅರಿಷಿಣ ಹಚ್ಚಿಸಿಕೊಂಡು ಟಿಕೋಟಾ, ಬಬಲೇಶ್ವರ, ಸುತ್ತಲಿನ ಹಳ್ಳಿಗಳಿಗೆಲ್ಲ ಹೋಯಿತು.

ಕೊನೆಯ ಒಂದಿಬ್ಬರನ್ನು ಬಿಟ್ಟರೆ, ಯಲಗೂರಪ್ಪನ ಕೆಳಗಿದ್ದ ವರರಿಗೆಲ್ಲ ಹೀಗೆ ತಮ್ಮ ಕೆಳಗಿನವರ ಹೆಂಡಂದಿರು ಬಂದಿದ್ದರು. ಬಹಳ ಮಂದಿ ನಕ್ಕು ಬಿಟ್ಟರು. ಮಠದ ಕಟ್ಟೆಯ ಮೇಲೆ ಒಬ್ಬರಿಗೊಬ್ಬರು, "ಬೀಗ್ರ, ನಮ್ಮ ಸೊಸೀನ ಯಾವಾಗ ಕಳಸ್ತೀರಿ?" ಎಂದು ಚೇಷ್ಟೆ ಮಾಡಿಕೊಂಡರು. ಆದರೆ ಒಂದು ಸಾಲಿಗೆ ಮಾತ್ರ ಯಾರೂ ನಗುವ ಹಾಗಿರಲಿಲ್ಲ, ನಕ್ಕವರ ನಗು ಬೇರೆಯೇ ಇತ್ತು. ಚಿ. ರೇವಪ್ಪ, ಬಬಲೇಶ್ವರ. ಅವನೆದುರು ಕುಂ. ಸೌ. ಗುರುಬಾಯಿ, ಬಬಲೇಶ್ವರ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ತಂಗಿ.

ಬೋರವ್ವ ಛಾಪಖಾನೆಗೆ ಬಂದಾಗ ಮುರ್ತುಜಾಸಾಬ ಯಾವುದೋ ಎಣ್ಣೆ ಗಿರಣಿಯ ಪಾವತಿ ಪುಸ್ತಕ ಜೋಡಿಸುತ್ತಿದ್ದ. ಗಂಡ ಸತ್ತ ಮೇಲೆ ಒಣ ಬೇಸಾಯ ಮಾಡಿ ಇಬ್ಬರು ಮಕ್ಕಳನ್ನು ಬೆಳೆಸಿದ ಹೆಂಗಸು. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಳು. ಸೆರಗಿನ ಗಂಟಿನಿಂದ ಪತ್ರಿಕೆ ತೆಗೆದು ಅವನ ಮುಂದೆ ಹಿಡಿದಳು.

"ಸಾಬ್ರ, ನನಗ ಓದಾಕ ಬರಂಗಿಲ್ರಿ. ನನ್ನ ಮಗನ ಹೆಸರ ಎದುರಿಗೆ ಯಾರ ಹೆಸರೈತಿ, ಓದಿ ಹೇಳ್ರಿ. ಊರಾಗ ಹುಡುಗ್ರು ಏನೇನೋ ಅನ್ನಾಕತ್ತಾರ."

ಮುರ್ತುಜಾಸಾಬ ನೋಡಿದ. ನೋಡಿದ ಕೂಡಲೇ ತಿಳಿಯಿತು. ಕೈಯಲ್ಲಿದ್ದ ಮೊಳೆ ಎಲ್ಲಿ ಇಟ್ಟನೋ ಅವನಿಗೇ ಗೊತ್ತಿಲ್ಲ. ಆ ಹೆಂಗಸು ಅವನ ಬಾಯನ್ನೇ ನೋಡುತ್ತಿದ್ದಳು. ಮೇಜಿನ ಹಿಂದಿನಿಂದ ತುಕಾರಾಮನೂ ನೋಡುತ್ತಿದ್ದ. ನನ್ನ ತಪ್ಪು ಎಂಬ ಎರಡು ಶಬ್ದ ಬಾಯಿಗೆ ಬರಬೇಕಿತ್ತು. ಬಂದದ್ದು ಬೇರೆ.

"ಬರದ ಕೊಟ್ಟ ಕಾಗದದಾಗ ಹಂಗ ಇತ್ರಿ ಯವ್ವಾ. ನಾವು ಇದ್ದದ್ದು ಇದ್ದಂಗ ಹಾಕೂ ಮಂದಿ."

"ಯಾರ್ ಬರದಿದ್ರು?"

"ಟಿಕೋಟಾದ ಮಾಸ್ತರ" ಎಂದು ತುಕಾರಾಮ ಕುಳಿತಲ್ಲಿಂದಲೇ ಹೇಳಿದ. "ಅಮೋಘಿ ಅಂತ."

ಬೋರವ್ವ ಹೊಸ್ತಿಲಲ್ಲಿ ಕುಸಿದು ಕೂತಳು. "ಅಂವ ನನ್ನ ಅಳಿಯ ಆಗಾಂವ್ರಿ" ಎಂದಳು. "ನನ್ನ ಮಗಳನ್ನ ಮಾಡ್ಕೊಳ್ಳಾಂವ. ಅಂವನ ತನ್ನ ಕೈಲೆ ಹಿಂಗ ಬರದಾನ?"

ಆಗಲಾದರೂ ಹೇಳಬಹುದಿತ್ತು. ಅಮೋಘಿ ಎಂಬ ಹೆಸರನ್ನು ಇವನೇ ಮೊಳೆ ಮೊಳೆ ಆರಿಸಿ ಜೋಡಿಸಿದ್ದ. ಜೋಡಿಸುವಾಗ ಅದು ಮನುಷ್ಯನ ಹೆಸರು ಎಂದು ಕಂಡಿರಲಿಲ್ಲ, ಸಾಲು ತುಂಬುವ ಅಳತೆಯಾಗಿ ಕಂಡಿತ್ತು, ಅಷ್ಟೇ. ಬೋರವ್ವ ಪತ್ರಿಕೆಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಎದ್ದು ಹೋದಳು. ಮುರ್ತುಜಾಸಾಬ ನೀರು ಬೇಕೇನು ಎಂದು ಕೂಡ ಕೇಳಲಿಲ್ಲ. ಬಾಯಿ ತೆರೆದರೆ ನಿಜ ಎಲ್ಲಿ ಹೊರಬಿದ್ದೀತೋ ಎಂದು ಹೆದರಿದ. ಇಂಥ ಹೇಡಿತನಕ್ಕೆ ಏನೆನ್ನಬೇಕು? ಅವನೇ ಮುಂದೆ ತನಗೆ ತಾನು ಬೈದುಕೊಂಡದ್ದಕ್ಕಿಂತ ಹೆಚ್ಚು ನಾವೇನೂ ಬೈಯುವುದು ಬೇಡ.

ಮನೆಯಲ್ಲಿ ಹೆಂಡತಿ ಆಶಾಬಿ ತಟ್ಟೆ ಮುಂದಿಟ್ಟರೆ ಪಕ್ಕಕ್ಕೆ ಸರಿಸಿದ. ಏನಾಯಿತು ಎಂದು ಕೇಳಿದ್ದಕ್ಕೆ ಹೊಟ್ಟೆ ಸರಿ ಇಲ್ಲ ಎಂದ. ಒಂದು ಸುಳ್ಳು ಹೇಳಿದವನಿಗೆ ಎರಡನೆಯದು ಎಷ್ಟು ಸಲೀಸಾಗಿ ಬರುತ್ತದೆ ಎಂದು ನೋಡಿ ಅವನಿಗೇ ಅಸಹ್ಯವಾಯಿತು. ಮರುದಿನದಿಂದ ಕೆಲಸ ನಿಧಾನವಾಯಿತು. ಎಲ್ಲಿ ಎರಡು ಸಾಲು ಒಟ್ಟಿಗೆ ಜೋಡಿಸಬೇಕೋ ಅಲ್ಲಿ ಬೆರಳಿಟ್ಟು ಎಡದಿಂದ ಬಲಕ್ಕೆ ಹತ್ತು ಸಲ ಓದುತ್ತಿದ್ದ. ತುಕಾರಾಮ, "ಇಷ್ಟ ನೋಡೂದು ಮೊದಲ ನೋಡಿದ್ರ ಆಗ್ತಿತ್ತು" ಎಂದು ಗೊಣಗಿದ. ಅವನಿಗೂ ಒಳಗೊಳಗೆ ಎಲ್ಲ ಗೊತ್ತಿತ್ತು.

ಆ ವಾರವೇ ಅಮೋಘಿ ಬಂದ. ಬಿಳಿ ಅಂಗಿ, ಬಿಳಿ ಪಾಯಿಜಾಮ, ಕಣ್ಣ ಕೆಳಗೆ ಕಪ್ಪು. ಜಗಳಕ್ಕೆ ಬಂದಿದ್ದಾನೆ ಎಂದುಕೊಂಡು ಮುರ್ತುಜಾಸಾಬ ಎದ್ದು ನಿಂತ. ಹುಡುಗ ಜಗಳ ಆಡಲಿಲ್ಲ. ಕೈ ಮುಗಿದ.

"ಸಾಬ್ರ, ಆ ಪತ್ರಿಕಾ ಮತ್ತೊಮ್ಮೆ ಛಾಪಿಸಬೇಕಾಗೇತ್ರಿ. ಖರ್ಚು ನಾನ ಕೊಡ್ತೇನಿ. ನಿಮ್ದೇನೂ ತಪ್ಪಿಲ್ರಿ, ತಪ್ಪು ನಂದ."

"ನಿಂದು ಹೆಂಗ?" ಎಂದು ಮುರ್ತುಜಾಸಾಬನ ಬಾಯಿಂದ ಹೊರಟಿತು.

"ನಾನ ಬರದ ಕೊಟ್ಟೇನಲ್ರಿ. ಹಂಗ ಯಾಕ ಬರದೆ, ಎಷ್ಟ ವಿಚಾರ ಮಾಡಿದ್ರೂ ನೆನಪಾಗವಲ್ದು. ಸರಿನ ಬರದೇನಿ ಅಂತ ಮನಸ್ಸು ಹೇಳತೈತಿ. ಆದ್ರ ನೀವು ತಿಳದ ಮಂದಿ, ಇದ್ದದ್ದು ಇದ್ದಂಗ ಹಾಕೇವಿ ಅಂತ ಅತ್ತಿಗೆ ಹೇಳೀರಿ. ನೀವ್ಯಾಕ ಸುಳ್ಳ ಹೇಳ್ತೀರಿ?" ಹುಡುಗ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. "ಬಬಲೇಶ್ವರಕ್ಕ ಹೋಗಿದ್ನಿರಿ. ಅತ್ತಿ ಬಾಗಲದಾಗ ನಿಂತು ಒಳಗ ಬಿಡಲಿಲ್ಲ. ನನ್ನ ಮಗಳನ್ನ ಮಾಡ್ಕೊಳ್ಳಾಕ ಮನಸ್ಸಿಲ್ಲಂದ್ರ ಬಾಯಿಲೆ ಹೇಳಬೇಕಿತ್ತು, ಹಿಂಗ ಊರಾಗ ಮಾರಿ ಎತ್ತದಂಗ ಯಾಕ ಮಾಡಿದಿ ಅಂದ್ಳು. ಕಾಲ ಹಿಡಕೊಂಡು ತಪ್ಪಾತು ಅಂದು ಬಂದೇನಿ. ಎರಡೂ ಲಗ್ನ ಬ್ಯಾಡ ಅನ್ನಾಕತ್ತಾಳ. ನನ್ನ ತಂಗಿ ಮನ್ಯಾಗ ಅಳಾಕತ್ತಾಳ. ನನ್ನಿಂದ ಆಕಿ ಬಾಳೆವೂ ಹ್ವಾದಂಗ ಆತು."

ತಾನು ಮಾಡದ ತಪ್ಪಿಗೆ ಈ ಹುಡುಗ ನಾಚಿ ನಿಂತಿದ್ದ. ನಾಚಬೇಕಾದವನು ಎದುರಿಗೆ ಮಸಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಅಮೋಘಿ ರೇಗಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ, ಬಹುಶಃ ಮುರ್ತುಜಾಸಾಬ ಇನ್ನೂ ಒಂದು ಸುಳ್ಳು ಹೇಳಿ ಪಾರಾಗುತ್ತಿದ್ದ. ಆದರೆ ಹುಡುಗ ಇವನನ್ನು ನಂಬಿದ್ದ. ತನ್ನ ಕೈಬರಹವನ್ನು ತಾನೇ ನಂಬದೆ ಇವನ ಮಾತನ್ನು ನಂಬಿದ್ದ. ಮುರ್ತುಜಾಸಾಬನಿಗೆ ಅಲ್ಲಿಯೇ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಮಾಸ್ತರ" ಎಂದ. "ನೀ ಸರಿ ಬರದಿದ್ದಿ. ಕೆಡಸಿದಾಂವ ನಾನು."

ತುಕಾರಾಮ ಕುರ್ಚಿಯಿಂದ ಎದ್ದ. "ಸಾಬ, ಬಾಯಿ ಮುಚ್ಚು. ಛಾಪಖಾನಿ ಹೆಸರ ಹಾಳ ಮಾಡ್ತಿ ಏನ?"

"ಛಾಪಖಾನಿ ಹೆಸರ ಹ್ವಾದ್ರ ನಾಳೆ ಮತ್ತ ಗಳಸಬಹುದ್ರಿ ಮಾಲಕರ" ಎಂದ ಮುರ್ತುಜಾಸಾಬ. ಅಲ್ಲಿಂದ ಮುಂದೆ ನಿಲ್ಲಿಸಲಿಲ್ಲ. ಯಲಗೂರಪ್ಪನ ಬಿರುದು, ಖಾಲಿ ಸಾಲು, ಅದನ್ನು ತೆಗೆದದ್ದು, ಬೋರವ್ವ ಬಂದಾಗ ಬಾಯಿಗೆ ಬಂದ ಸುಳ್ಳು, ಎಲ್ಲ ಹೇಳಿದ.

ಕೇಳುತ್ತ ಕೇಳುತ್ತ ಅಮೋಘಿ ಗೋಡೆಗೆ ಒರಗಿದ. ಆಮೇಲೆ ಅವನ ಮುಖ ತಿಳಿಯಾಯಿತು. "ನನಗ ತಲಿ ಕೆಟ್ಟೈತಿ ಅಂತ ಮಾಡಿದ್ನಿರಿ" ಎಂದ. ಅಷ್ಟೇ. ಒಂದು ಬಿರುಸು ಮಾತಿಲ್ಲ. ಮುರ್ತುಜಾಸಾಬ ಗೂಟದಲ್ಲಿದ್ದ ಟೊಪ್ಪಿಗೆ ತೆಗೆದು ತಲೆಗೆ ಹಾಕಿಕೊಂಡು, "ನಡಿ, ಬಬಲೇಶ್ವರಕ್ಕ ಹೋಗೂನು" ಎಂದ.

ಇಬ್ಬರೂ ಬಸ್ಸು ಹತ್ತಿದರು. ಬಬಲೇಶ್ವರದಲ್ಲಿ ಅಂದು ಸಂತೆಯ ದಿನ, ಜನ ತುಂಬಿದ್ದರು. ಬಸ್ ನಿಲ್ಲುವ ಕಡೆಯ ಚಹದಂಗಡಿಯ ಗೋಡೆಗೆ ಅದೇ ಪತ್ರಿಕೆ ಅಂಟಿಸಿದ್ದರು. ಯಾರೋ ಪುಂಡರು ಇದ್ದಲಿಯಿಂದ ರೇವಪ್ಪನ ಹೆಸರಿಗೂ ಗುರುಬಾಯಿಯ ಹೆಸರಿಗೂ ನಡುವೆ ಗೆರೆ ಎಳೆದು, ಕೆಳಗೆ ಬಾಯಿಂದ ಹೇಳಲಾಗದ ಒಂದು ಮಾತು ಬರೆದಿದ್ದರು. ಗೆರೆ ಚೂರೂ ಓರೆಯಾಗಿರಲಿಲ್ಲ. ಆಗುವುದು ಹೇಗೆ? ಎರಡು ಹೆಸರೂ ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಸಮನಾಗಿ ಕೂತಿದ್ದವು. ಮುರ್ತುಜಾಸಾಬ ಉಗುರಿನಿಂದ ಅದನ್ನು ಕೆರೆದು ಕೀಳತೊಡಗಿದ. ಅಂಗಡಿಯವನು, "ಏ ಸಾಬಾ, ಅದೇನ್ ನಿಮ್ಮಪ್ಪಂದ ಗ್ವಾಡಿ?" ಎಂದ.

"ಗ್ವಾಡಿ ನಿಮ್ದ್ರಿ. ಕಾಗದ ನಂದು" ಎಂದ ಮುರ್ತುಜಾಸಾಬ. ಚಹ ಕುಡಿಯುತ್ತಿದ್ದವರು ನಕ್ಕರು. ಅವನು ತಲೆ ಎತ್ತದೆ ಕೊನೆಯ ಚೂರಿನವರೆಗೆ ಕಿತ್ತ. ಅಮೋಘಿ ದೂರ ನಿಂತು ಬೇರೆ ಕಡೆ ನೋಡುತ್ತಿದ್ದ.

ಬೋರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಮೋಘಿಯನ್ನು ಕಂಡು ಮೊರ ಕೆಳಗಿಟ್ಟಳು, ಬಾ ಎನ್ನಲಿಲ್ಲ. ಅವನ ಹಿಂದಿದ್ದವನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಮುರ್ತುಜಾಸಾಬ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. ನೆರೆಮನೆಯವರು ಗೋಡೆಯ ಮೇಲಿಂದ ಇಣುಕುತ್ತಿದ್ದರು. ಅವರಿಗೂ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ.

"ಯವ್ವಾ, ಅವತ್ತ ನಾ ಸುಳ್ಳ ಹೇಳಿದೆ. ಮಾಸ್ತರ ಸರಿ ಬರದ ಕೊಟ್ಟಿದ್ದ. ಜೋಡಸೂ ಮುಂದ ಹೆಸರ ಸರಿಸಿ ಕೆಡಿಸಿದಾಂವ ನಾನು. ಹುಡುಗಂದು ಏನೂ ತಪ್ಪಿಲ್ಲ."

ಬೋರವ್ವ ಅಮೋಘಿಯ ಕಡೆ ನೋಡಿದಳು, ಇವನ ಕಡೆ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಗುರುಬಾಯಿ ಬಾಗಿಲಿಗೆ ಬಂದಳು. ಪತ್ರಿಕೆ ಬಂದಂದಿನಿಂದ ಅವಳು ನೀರಿಗೂ ಹೊರಗೆ ಹೋಗಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ನೇರವಾಗಿ ಕೇಳಿದಳು.

"ಯಾಕ ಸರಿಸಿದ್ರಿ? ನಾವೇನ್ ಮಾಡಿದ್ವಿ ನಿಮಗ?"

ಯಾರೋ ಹೇಳಿಕೊಟ್ಟರು ಎಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ. ಕುಡಿದಿದ್ದೆ ಎಂದಿದ್ದರೂ ಆಗುತ್ತಿತ್ತು. ಮುರ್ತುಜಾಸಾಬನ ಹತ್ತಿರ ಅಂಥ ಕಾರಣವೇ ಇರಲಿಲ್ಲ. ಇದ್ದ ಕಾರಣವನ್ನು ಹೇಳುವುದಕ್ಕಿಂತ ಕದ್ದೆ ಎಂದು ಒಪ್ಪಿಕೊಳ್ಳುವುದು ಸುಲಭ ಇತ್ತು.

"ಚಂದ ಕಾಣ್ಲಿ ಅಂತ ಯವ್ವಾ" ಎಂದ. "ನಡುವ ಒಂದು ಸಾಲು ಖಾಲಿ ಉಳದಿತ್ತು. ಅದು ಚಂದ ಕಾಣ್ತಿದ್ದಿಲ್ಲ."

"ಚಂದ ಕಾಣ್ಲಿ ಅಂತ" ಎಂದು ಗುರುಬಾಯಿ ಮೆಲ್ಲಗೆ ಹೇಳಿದಳು. ಬಯ್ಯಲಿಲ್ಲ. ಅರ್ಥವಾಗದ ಮಾತನ್ನು ಇನ್ನೊಮ್ಮೆ ಹೇಳಿ ನೋಡುವ ಹಾಗೆ ಹೇಳಿ, ಒಳಗೆ ಹೋದಳು.

ಆಗ ಬೋರವ್ವ ಎದ್ದಳು.

"ಕೇಳು ಇಲ್ಲಿ. ಪತ್ರಿಕಾ ಬಂದಾಗಿಂದ ನನ್ನ ಮಗ ಮನಿಗೆ ಬರವಲ್ಲ, ಹೊಲದಾಗ ಬಿದ್ದಾನ. ತಂಗಿ ಕೈಲೆ ರೊಟ್ಟಿ ಇಸ್ಕೊಳವಲ್ಲ. ಆಕಿ ಬುತ್ತಿ ಒಯ್ದ್ರ ಹಿಂದ ಹೊಳ್ಳಿ ಕುಂದರ್ತಾನ. ಸಣ್ಣಾಕಿ ಇದ್ದಾಗಿಂದ ಹೆಗಲ ಮ್ಯಾಲ ಹೊತ್ತು ತಿರಿಗ್ಯಾಡಿದಾಂವ, ಈಗ ಆಕಿ ಮಾರಿ ನೋಡಾಕ ನಾಚತಾನ. ಅದು ಇರ್ಲಿ. ನಾಳೆ ಲಗ್ನ ಆದ್ರ ಅದು ಸರಿ ಹೋಗತೈತಿ, ಮಂದಿ ಮರೀತಾರ." ಅವಳ ದನಿ ಅಲ್ಲಿಯವರೆಗೆ ಏರಿದ್ದು ಅಲ್ಲಿ ಒಡೆಯಿತು. "ಆದ್ರ ಈ ಹುಡುಗ ಇದ ಅಂಗಳದಾಗ, ಇದ ಮಂದಿ ಮುಂದ, ನನ್ನ ಕಾಲ ಹಿಡದಾನ. ಕಾಲ ಹಿಡಿಸ್ಕೊಂಡು ನಾ ಏಳು ಅನ್ನಲಿಲ್ಲ. ಒದ್ದಂಗ ಮಾಡಿ ಸರದು ನಿಂತೆ. ಮಾಡದ ತಪ್ಪಿಗೆ ನನ್ನ ಅಳಿಯ ನನ್ನ ಕಾಲಾಗ ಬಿದ್ದಾನ. ಅದನ್ನ ನೀ ಹೆಂಗ ತಿರುಗಿ ಕೊಡ್ತಿ? ಹೇಳು, ಹೆಂಗ ಕೊಡ್ತಿ?"

ಪತ್ರಿಕೆಯನ್ನು ತಿದ್ದಿ ಅಚ್ಚು ಹಾಕಬಹುದಿತ್ತು. ಇದನ್ನು ಯಾವ ಮೊಳೆಯಿಂದಲೂ ತಿದ್ದಲು ಬರುತ್ತಿರಲಿಲ್ಲ.

"ಹೋಗ್ಲಿ ಬಿಡ್ರಿ ಅತ್ತಿ" ಎಂದ ಅಮೋಘಿ.

ಬೋರವ್ವ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಚರಗಿ ತುಂಬ ನೀರು ತಂದಳು. ಅಮೋಘಿ ಕೈ ಚಾಚಿದರೆ ಕೊಡಲಿಲ್ಲ. ಅವನ ಮುಂದೆ ನೆಲಕ್ಕೆ ಕೂತು, "ಕಾಲ ಮುಂದ ಇಡು" ಎಂದಳು. ಹುಡುಗ ಹೌಹಾರಿ ಹಿಂದೆ ಸರಿದ.

"ಬ್ಯಾಡ್ರಿ ಅತ್ತಿ. ನಿಮ್ಮ ಕಾಲ ಬೀಳ್ತೇನಿ, ಬ್ಯಾಡ್ರಿ."

"ಮತ್ತ ಬೀಳಬ್ಯಾಡಪ್ಪಾ. ಒಮ್ಮೆ ಬಿದ್ದದ್ದ ಸಾಕಾಗೇತಿ. ಲಗ್ನದ ದಿನ ಅಳಿಯನ ಕಾಲ ಹೆಂಗೂ ತೊಳಿಯೂದೈತಿ. ಅದು ಬ್ಯಾರೆ, ಇವತ್ತಿಂದು ಬ್ಯಾರೆ."

ಅವನ ಹಿಮ್ಮಡಿ ಹಿಡಿದು ಎಳೆದುಕೊಂಡಳು. ಬಸ್ಸಿನ ಧೂಳು ಹತ್ತಿದ ಆ ಕಾಲುಗಳನ್ನು ತನ್ನ ಬಿರುಕು ಬಿಟ್ಟ ಕೈಗಳಿಂದ ತಿಕ್ಕಿ ತೊಳೆದಳು. ಸೆರಗಿನಿಂದ ಒರೆಸಿದಳು. ಗೋಡೆಯ ಮೇಲಿನ ತಲೆಗಳೆಲ್ಲ ಒಂದೊಂದಾಗಿ ಕೆಳಗಿಳಿದವು. ಅಮೋಘಿ ಕಣ್ಣು ಮುಚ್ಚಿಕೊಂಡು ನಿಂತಿದ್ದ. ನೋಡಬಾರದೆಂದುಕೊಂಡರೂ ಮುರ್ತುಜಾಸಾಬ ಎಲ್ಲ ನೋಡಿದ. ತಾಯಿಯ ವಯಸ್ಸಿನ ಹೆಂಗಸು ಒಬ್ಬ ಹುಡುಗನ ಕಾಲ ಬಳಿ ಬಗ್ಗಿದ್ದಳು, ಅವಳನ್ನು ಹಾಗೆ ಬಗ್ಗಿಸಿದ್ದು ತಾನು.

ಬೋರವ್ವ ಮೊಣಕಾಲಿಗೆ ಕೈ ಕೊಟ್ಟು ಎದ್ದಳು. ಚರಗಿಯಲ್ಲಿ ಇನ್ನೂ ಅರ್ಧ ನೀರಿತ್ತು. ಅದನ್ನು ತಂದು ಮುರ್ತುಜಾಸಾಬನ ಮುಂದೆ ಇಟ್ಟಳು.

"ನೀವೂ ಬಿಸಲಾಗ ಬಂದೀರಿ, ಸಾಬ್ರ" ಎಂದಳು. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. ಇಷ್ಟು ಹೊತ್ತು ನೀನು ಎಂದವಳು ಈಗ ನೀವು ಎನ್ನುತ್ತಿದ್ದಳು. "ಕೈಕಾಲ ತೊಳಕೋರಿ. ಎರಡು ರೊಟ್ಟಿ ಬಡೀತೇನಿ, ಉಂಡು ಹೋಗ್ರಿ."

ಮುರ್ತುಜಾಸಾಬ ಚರಗಿ ಮುಟ್ಟಲಿಲ್ಲ.

"ಬೈರಿ ಯವ್ವಾ" ಎಂದ. "ಇನ್ನ ನಾಕ ಮಾತು ಬೈರಿ ನನಗ. ನೀರು ಮಾತ್ರ ಕೊಡಬ್ಯಾಡ್ರಿ."

ಬೋರವ್ವ ಆಗಲೇ ಒಳಗೆ ಹೋಗಿ ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದಳು.